ಒಂದು ಕಾರ್ಯಾಗಾರ, ನಾಲ್ಕು ಊರಿನ ಮಕ್ಕಳು

ಓಮ್‌ನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಮನೆಯಲ್ಲಿ ಫ್ಯೂಸ್ ಹೋದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಇದು ಮಗುವಿನ ತಪ್ಪಲ್ಲ. ತಲೆಗೆ ಪಾಠ ಹೇಳಿ ಕೈಯನ್ನು ಸುಮ್ಮನೆ ಕೂರಿಸಿದ್ದರ ಫಲ.

ಕಾರ್ಯಾನುಭವವೂ ಶಿಕ್ಷಣದ ಅಂಗವಾಗಬೇಕೆಂದು ಕೊಠಾರಿ ಆಯೋಗ (1964-66) ಹೇಳಿತ್ತು. ನೆರೆಯ ಶಾಲೆಗಳು ಕೂಡಿ ಸೌಲಭ್ಯ ಹಂಚಿಕೊಳ್ಳಲಿ ಎಂದೂ ಸಲಹೆ ಮಾಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೆ ಸೈಕಲ್ ಚಕ್ರದ ರೂಪ ಕೊಟ್ಟಿತು. ಕಾರ್ಯಾಗಾರವಿರುವ ಶಾಲೆ ನಡುವಿನ ಹಬ್, ಅದನ್ನು ಬಳಸುವ ಸುತ್ತಲಿನ ಶಾಲೆಗಳು ಕಡ್ಡಿಗಳು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನದಂಥ ವೃತ್ತಿ ವಿಷಯಗಳನ್ನು ತೃತೀಯ ಭಾಷೆಯ ಬದಲು ಆರಿಸಿಕೊಳ್ಳುವ ಪದ್ಧತಿಯೂ ಬಂದಿದೆ.

ನಾಲ್ಕು ಊರು, ನಾಲ್ಕು ಕಸುಬು

ಹೊಸಪೇಟೆ ಸೀಮೆ ಇಂಥ ಚಕ್ರಕ್ಕೆ ಹೇಳಿ ಮಾಡಿಸಿದಂತಿದೆ. ಹೆದ್ದಾರಿ, ರೈಲು ಎರಡೂ ಇರುವ ಹೊಸಪೇಟೆಯಲ್ಲಿ ವಾಹನ ಮತ್ತು ವಿದ್ಯುತ್ ದುರಸ್ತಿ ಕಲಿಸಬಹುದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ ಪ್ರವಾಸೋದ್ಯಮದ ತೆರೆದ ತರಗತಿ. ಸಂಡೂರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಲಂಬಾಣಿ ಕಸೂತಿಯಿದೆ. ತುಂಗಭದ್ರೆಯ ನೀರು ಕುಡಿದು ಬೆಳೆಯುವ ಕಂಪ್ಲಿಯ ಬತ್ತ, ಕಬ್ಬಿನ ಗದ್ದೆಗಳು ಪಂಪ್‌ಸೆಟ್ ರಿಪೇರಿ ಬಲ್ಲವರನ್ನು ಸದಾ ಬೇಡುತ್ತವೆ. ಸಂಡೂರಿನ ಅದಿರು ಗಣಿಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸುವಂತಿಲ್ಲ. 18 ವರ್ಷ ತುಂಬದವರು ಗಣಿಯಲ್ಲಿ ದುಡಿಯುವುದನ್ನು ಕಾನೂನು ಒಪ್ಪುವುದಿಲ್ಲ.

ಒಂದೊಂದು ಶಾಲೆಯೂ ಎಲ್ಲ ಕಸುಬಿಗೂ ಯಂತ್ರ ಕೊಳ್ಳಹೊರಟರೆ ಹಣವೂ ಸಾಲದು, ಕಲಿಸುವವರೂ ಸಿಗರು. ಕೊಂಡ ಯಂತ್ರ ವಾರದಲ್ಲಿ ಎರಡು ಪೀರಿಯಡ್ ತಿರುಗಿ ಉಳಿದ ದಿನ ಧೂಳು ತಿನ್ನುತ್ತದೆ.

ಬಸ್ಸಿನ ಲೆಕ್ಕ

ತೊಡಕಿರುವುದು ದಾರಿಯಲ್ಲಿ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಕಂಪ್ಲಿಗೂ ಸಂಡೂರಿಗೂ ಸುಮಾರು 30. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದಿಟ್ಟುಕೊಂಡರೂ 40 ನಿಮಿಷದ ಪಾಠಕ್ಕೆ ಎರಡು ಗಂಟೆಯ ಪ್ರಯಾಣ. ಆದ್ದರಿಂದ ದೂರದ ಊರುಗಳ ನಡುವೆ ವಾರಕ್ಕೊಂದು ಪೂರ್ಣ ದಿನ ಇಡುವುದೇ ಮೇಲು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಾಲಕಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣದ ಚಿಂತೆ ತಪ್ಪಿದೆ. ಆದರೆ ಸಂಜೆ ಮಗಳು ಕತ್ತಲಾಗುವ ಮೊದಲು ಮನೆ ಸೇರುವಳೇ ಎಂಬ ತಾಯಿಯ ಚಿಂತೆಗೆ ಪುಕ್ಕಟೆ ಟಿಕೆಟ್ ಉತ್ತರವಲ್ಲ. ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಉತ್ತರ.

ಇನ್ನೊಂದು ತೊಡಕು ಜಿಲ್ಲೆಯ ಗಡಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಒಂದು ಜಿಲ್ಲೆಯ ಮಗು ಇನ್ನೊಂದು ಜಿಲ್ಲೆಯಲ್ಲಿ ಕಲಿತರೆ ಹಾಜರಿ ಯಾರದು, ಅಂಕ ಕೊಡುವವರು ಯಾರು, ಬೆರಳಿಗೆ ಪೆಟ್ಟಾದರೆ ಹೊಣೆ ಯಾರದು? ಎರಡೂ ಜಿಲ್ಲೆಗಳ ಶಿಕ್ಷಣಾಧಿಕಾರಿಗಳು ಕೂತು ಇದನ್ನು ಮೊದಲೇ ಬರೆದಿಡಬೇಕು.

ಪೋಷಕರೂ ಸುಮ್ಮನಿರಬಾರದು. ಕಲಿಸುವವರು ಕಸುಬು ಬಲ್ಲವರೇ, ಯಂತ್ರವನ್ನು ಮಗು ತನ್ನ ಕೈಯಿಂದ ಮುಟ್ಟುವುದೇ, ಮರಳಿ ಬರಲು ಬಸ್ಸು ಎಷ್ಟು ಗಂಟೆಗೆ ಎಂದು ಶಾಲೆಯಲ್ಲಿ ಕೇಳಬೇಕು. ವೃತ್ತಿ ಶಿಕ್ಷಣ ದಡ್ಡರಿಗೆ ಎಂಬ ಭಾವನೆಯನ್ನೂ ಬಿಡಬೇಕು. ಕೈಯಾರೆ ಫ್ಯೂಸ್ ಕಟ್ಟಿದ ಮಗುವಿಗೆ ಓಮ್‌ನ ನಿಯಮ ಪರೀಕ್ಷೆ ಮುಗಿದ ಮೇಲೂ ನೆನಪಿರುತ್ತದೆ.