ಅಬ್ಬಾರ ಮೇಲ್ ಲ್ಯಾಪ್‌ಟಾಪ್‌ಗೆ ಬಂದದ್ದು ಹೇಗೆ?

ದ್ವಿತೀಯ ಪಿಯುಸಿಗೆ ಬಂದಾಗ ಮನೆಯಲ್ಲಿ ನನಗೊಂದು ಲ್ಯಾಪ್‌ಟಾಪ್ ಕೊಡಿಸಿದರು. ಅಬ್ಬಾರ ಹಾರ್ಡ್‌ವೇರ್ ಅಂಗಡಿಯ ಡೆಸ್ಕ್‌ಟಾಪ್ ಅಷ್ಟರಲ್ಲಿ ತೀರಾ ಹಳೆಯದಾಗಿ, ದಿನಕ್ಕೆ ಎರಡು ಮೂರು ಸಲ ತಾನಾಗಿಯೇ ಆಫ್ ಆಗುತ್ತಿತ್ತು. “ಇದು ಪೂರ್ತಿ ಕೈಕೊಡುವ ಮೊದಲು ನನ್ನ ಮೇಲ್, ಅಡ್ರೆಸ್ ಎಲ್ಲ ನಿನ್ನದಕ್ಕೆ ಹಾಕಿಡು” ಎಂದರು ಅಬ್ಬಾ.

ಕಂಪ್ಯೂಟರ್ ಸೈನ್ಸ್ ಓದುವವನಿಗೆ ಇದೇನು ಮಹಾ ಕೆಲಸ ಎಂದುಕೊಂಡೆ. ಪಾಸ್‌ವರ್ಡ್ ಕೇಳಿಕೊಂಡು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಲಾಗಿನ್ ಆದೆ. ನೋಡಿದರೆ ಬರೀ ಎರಡು ವಾರದ ಮೇಲ್‌ಗಳು! ಹತ್ತು ವರ್ಷದ ಬಿಲ್ಲು, ಕೊಟೇಶನ್‌ಗಳು ಎಲ್ಲಿ ಹೋದವು? ಅದಕ್ಕಿಂತ ಹೆಚ್ಚಾಗಿ, ರಿಯಾದ್‌ನಲ್ಲಿದ್ದ ಚಾಚಾ ಬರೆಯುತ್ತಿದ್ದ ಮೇಲ್‌ಗಳು? ಚಾಚಾ ತೀರಿಕೊಂಡು ಮೂರು ವರ್ಷವಾಯಿತು. ಅವರ ಮಾತು ಅಂತ ನಮ್ಮ ಮನೆಯಲ್ಲಿ ಉಳಿದಿರುವುದು ಅವಷ್ಟೇ.

ಮರುದಿನ ಲ್ಯಾಬ್‌ನಲ್ಲಿ ಸರ್ ಹತ್ತಿರ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಪಾಪ್ ಅಕೌಂಟೋ, ಐಮ್ಯಾಪ್ ಅಕೌಂಟೋ?” ಎಲ್ಲ ಗುಟ್ಟು ಇರುವುದು ಇಲ್ಲೇ.

ಪಾಪ್ ಎಂದರೆ ಅಂಚೆಯಣ್ಣ ಪತ್ರವನ್ನು ಮನೆಗೆ ತಂದುಕೊಟ್ಟ ಹಾಗೆ. ಪತ್ರ ನಮ್ಮ ಕೈಗೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ಏನೂ ಉಳಿಯುವುದಿಲ್ಲ. ಡಯಲ್-ಅಪ್ ಕಾಲದಲ್ಲಿ ಬೇಗ ಮೇಲ್ ಇಳಿಸಿಕೊಂಡು ಸಂಪರ್ಕ ಕಡಿದುಕೊಳ್ಳಲು ಇದು ಅನುಕೂಲವಾಗಿತ್ತು. ‘ಇಷ್ಟು ದಿನ ಸರ್ವರ್‌ನಲ್ಲಿ ಇರಲಿ’ ಎಂದು ಹೇಳಿದರೆ ಮಾತ್ರ ಅಷ್ಟು ದಿನ ಅಲ್ಲಿಯೂ ಒಂದು ಪ್ರತಿ ಇರುತ್ತದೆ. ಅಬ್ಬಾರ ಅಕೌಂಟಿನಲ್ಲಿ ಅದು 14 ದಿನ ಎಂದಿತ್ತು. ಐಮ್ಯಾಪ್‌ನಲ್ಲಿ ಹಾಗಲ್ಲ. ಪತ್ರ ಅಂಚೆ ಕಚೇರಿಯ ಪೆಟ್ಟಿಗೆಯಲ್ಲೇ ಇರುತ್ತದೆ. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಫೋನ್ ಎಲ್ಲಿಂದ ನೋಡಿದರೂ ಅದೇ ಕಾಣುತ್ತದೆ. ಅಂದರೆ ಅಬ್ಬಾರ ಹಳೆಯ ಮೇಲ್‌ಗಳು ಇಡೀ ಜಗತ್ತಿನಲ್ಲಿ ಆ ಸಾಯುತ್ತಿದ್ದ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಇದ್ದವು!

ಅಬ್ಬಾ ಬಳಸುತ್ತಿದ್ದದ್ದು ಥಂಡರ್‌ಬರ್ಡ್. ಅದು ಮೇಲ್‌ಗಳನ್ನೆಲ್ಲ ‘ಪ್ರೊಫೈಲ್’ ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಲ್ಲಿ ಈ ಫೋಲ್ಡರ್ ತೆರೆಯುವ ಬಟನ್ ಇದೆ. ಅಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಇನ್‌ಬಾಕ್ಸ್ ಎಂಬ ಹೆಸರಿನ ಎರಡು ಫೈಲ್ ಕಂಡವು. ಒಂದಕ್ಕೆ ‘ಎಂಎಸ್‌ಎಫ್’ ಎಂಬ ಬಾಲ ಇತ್ತು, ಇನ್ನೊಂದಕ್ಕೆ ಯಾವ ಬಾಲವೂ ಇಲ್ಲ. ಬಾಲವಿಲ್ಲದ್ದು ಕೆಲಸಕ್ಕೆ ಬಾರದ್ದು ಎಂದು ಬಿಟ್ಟು, ಚಿಕ್ಕದನ್ನು ಮಾತ್ರ ಕಾಪಿ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಇನ್‌ಬಾಕ್ಸ್ ಖಾಲಿ! ಆ ಚಿಕ್ಕದು ಬರೀ ಪರಿವಿಡಿ. ಪುಸ್ತಕ ಇದ್ದದ್ದು ಬಾಲವಿಲ್ಲದ ದೊಡ್ಡ ಫೈಲಿನಲ್ಲಿ. ಡೆಸ್ಕ್‌ಟಾಪ್ ಫಾರ್ಮ್ಯಾಟ್ ಮಾಡಿರಲಿಲ್ಲ, ಅದೇ ಪುಣ್ಯ.

ಎರಡನೇ ಸಲ ಹೀಗೆ ಮಾಡಿದೆ:

1. ಲ್ಯಾಪ್‌ಟಾಪಿಗೆ ಥಂಡರ್‌ಬರ್ಡ್ ಹಾಕಿ ಒಮ್ಮೆ ತೆರೆದು ಮುಚ್ಚಿದೆ. ಇದು ಡೆಸ್ಕ್‌ಟಾಪಿನಲ್ಲಿರುವುದಕ್ಕಿಂತ ಹಳೆಯ ಆವೃತ್ತಿ ಆಗಿರಬಾರದು.

2. ಎರಡೂ ಕಡೆ ಪ್ರೋಗ್ರಾಂ ಪೂರ್ತಿ ಮುಚ್ಚಿ, ಪ್ರೊಫೈಲ್‌ನ ಒಳಗಿರುವುದನ್ನೆಲ್ಲ, ಒಂದನ್ನೂ ಆರಿಸದೆ ಬಿಡದೆ, ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಪೆನ್‌ಡ್ರೈವ್ ‘ಫ್ಯಾಟ್ 32’ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರೊಳಗೆ ಹೋಗುವುದಿಲ್ಲ, ನೆನಪಿರಲಿ.

3. ಲ್ಯಾಪ್‌ಟಾಪಿನ ಹೊಸ ಪ್ರೊಫೈಲ್ ಫೋಲ್ಡರ್ ತೆರೆದು, ಅದರಲ್ಲಿದ್ದದ್ದನ್ನು ತೆಗೆದು ಇದನ್ನು ಅಲ್ಲಿ ಇಟ್ಟೆ.

ಹೊಸ ಆವೃತ್ತಿಗಳಲ್ಲಿ ‘ಎಕ್ಸ್‌ಪೋರ್ಟ್’ ಸೌಲಭ್ಯವೂ ಇದೆ. ಆದರೆ ಪ್ರೊಫೈಲ್ 2 ಜಿಬಿ ದಾಟಿದ್ದರೆ ಕೈಯಿಂದಲೇ ಕಾಪಿ ಮಾಡಬೇಕು.

ವಿಳಾಸಗಳೂ ಪ್ರೊಫೈಲ್ ಜೊತೆಗೇ ಬಂದವು. ಅಬ್ಬಾರಿಗೆ ಅವು ಫೋನಿನಲ್ಲೂ ಬೇಕಿತ್ತು. ಅಡ್ರೆಸ್ ಬುಕ್‌ನಿಂದ ‘ವಿಕಾರ್ಡ್’ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಫೋನ್ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ನಾವು ಬರೆದಿಟ್ಟ ವಿಳಾಸಗಳದ್ದು ಒಂದು ಪುಸ್ತಕ, ಮೇಲ್ ಕಳಿಸುವಾಗ ತಾನಾಗಿ ಸೇರಿಕೊಂಡ ವಿಳಾಸಗಳದ್ದು ಇನ್ನೊಂದು; ಎರಡನ್ನೂ ಬೇರೆ ಬೇರೆಯಾಗಿ ತೆಗೆಯಬೇಕು. ‘ಸಿಎಸ್‌ವಿ’ ಆರಿಸುವುದಾದರೆ ಯುಟಿಎಫ್-8 ಇರುವುದನ್ನೇ ಆರಿಸಿ. ಇಲ್ಲವಾದರೆ ‘ಸಿಮೆಂಟ್ ಅಂಗಡಿ ಅಣ್ಣ’ನ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು.

ಇನ್ನೊಂದು ಎಚ್ಚರಿಕೆ. ಪ್ರೊಫೈಲ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೂ ಇರುತ್ತವೆ. ಕೆಲಸ ಮುಗಿದ ಮೇಲೆ ಆ ಪೆನ್‌ಡ್ರೈವ್ ಗೆಳೆಯರ ಕೈಗೆ ಹೋಗದಿರಲಿ.

ಕೊನೆಗೆ ಅಬ್ಬಾರಿಗೆ ಐಮ್ಯಾಪ್ ಅಕೌಂಟ್ ಸೇರಿಸಿಕೊಟ್ಟೆ. ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಆದ್ದರಿಂದ ಹಳೆಯ ಮೇಲ್‌ಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲೂ ಇದೆ.

ಅಂದು ರಾತ್ರಿ ಅಬ್ಬಾ ಲ್ಯಾಪ್‌ಟಾಪ್ ಮುಂದೆ ಕೂತು ಚಾಚಾರ ಒಂದು ಮೇಲ್ ತೆರೆದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮನೆಮಾತು. ಅಮ್ಮಿಯ ಕೈಯ ಬಿರಿಯಾನಿ ನೆನಪಾಗುತ್ತಿದೆ ಎಂದಿತ್ತು. ಅಬ್ಬಾ ಅದನ್ನು ಜೋರಾಗಿ ಓದಿದರು. ಅಡುಗೆಮನೆಯಿಂದ ಅಮ್ಮಿ ಬಂದು ಬಾಗಿಲಲ್ಲಿ ನಿಂತರು. “ಇನ್ನೊಮ್ಮೆ ಓದಿ” ಎಂದರು.

ಗೆಳೆಯರೇ, ನಿಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಮೇಲ್ ಪಾಪೋ ಐಮ್ಯಾಪೋ ಎಂದು ನೋಡಿ. ಹೊಸದರಲ್ಲಿ ಹಳೆಯ ಮೇಲ್‌ಗಳನ್ನು ತೆರೆದು ಓದಿದ ಮೇಲಷ್ಟೇ ಹಳೆಯದನ್ನು ಅಳಿಸಿ.