ಬೇಸಿಗೆಯ ವಸತಿ ವಿದ್ಯಾಶಿಬಿರಗಳು: ಪೋಷಕರು ಅರಿತಿರಬೇಕಾದ ವಿಚಾರಗಳು

ವಿದ್ಯಾರ್ಥಿಜೀವನದಲ್ಲಿ ಬೇಸಿಗೆಯ ರಜೆಗೆ ಒಂದು ವಿಶಿಷ್ಟವಾದ ಸ್ಥಾನವಿದೆ. ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ, ಅಜ್ಜಿಯ ಮನೆ, ಮಾವಿನ ತೋಪು, ಊರ ಜಾತ್ರೆ ಇವುಗಳಲ್ಲಿ ಮಕ್ಕಳು ಕಾಲ ಕಳೆಯುವುದು ನಮ್ಮ ನಾಡಿನ ರೂಢಿ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಬೆಳೆದುಬಂದಿದೆ. ಹತ್ತು ದಿನ, ಹದಿನೈದು ದಿನ, ಕೆಲವೆಡೆ ಒಂದು ತಿಂಗಳ ಕಾಲ ಮಕ್ಕಳನ್ನು ಒಂದೆಡೆ ಇರಿಸಿಕೊಂಡು, ಊಟ ವಸತಿಗಳೊಡನೆ ಪಾಠ ಹೇಳುವ ಶಿಬಿರಗಳು ಊರೂರಿನಲ್ಲಿ ನಡೆಯುತ್ತಿವೆ. ಮಾರ್ಚ್ ತಿಂಗಳು ಬಂತೆಂದರೆ ಇವುಗಳ ಪ್ರಕಟಣೆಗಳು ಬಸ್ ನಿಲ್ದಾಣದ ಗೋಡೆಗಳ ಮೇಲೂ ಪೋಷಕರ ಮೊಬೈಲುಗಳಲ್ಲೂ ತುಂಬಿಹೋಗುತ್ತವೆ. ‘ಮಗುವನ್ನು ಕಳಿಸಬಹುದೇ ಗುರುಗಳೇ?’ ಎಂದು ಕೇಳಿಕೊಂಡು ಬರುವ ತಂದೆತಾಯಿಗಳು ಅನೇಕರು. ಅವರಿಗೆ ಉತ್ತರ ಹೇಳಬೇಕಾದ ಅಧ್ಯಾಪಕರಿಗೂ, ಇಂತಹ ಕಾರ್ಯಗಳಿಗೆ ನೆರವಾಗುವ ದಾನಿಗಳಿಗೂ ಉಪಯೋಗವಾದೀತೆಂಬ ಭಾವನೆಯಿಂದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಶಿಬಿರಗಳಲ್ಲಿ ಮೂರು ಬಗೆ

ಶಿಬಿರಗಳೆಲ್ಲವೂ ಒಂದೇ ಬಗೆಯವಲ್ಲ. ಪ್ರತಿಭೆಯನ್ನು ಪರೀಕ್ಷಿಸಿ ಆಯ್ದ ಮಕ್ಕಳನ್ನು ಮಾತ್ರ ಕರೆಸಿಕೊಳ್ಳುವವು ಮೊದಲನೆಯ ಬಗೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೨೦೧೯ರಲ್ಲಿ ಆರಂಭಿಸಿದ ‘ಯುವಿಕಾ’ ಇದಕ್ಕೆ ಉತ್ತಮ ನಿದರ್ಶನ. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಬೇಸಿಗೆಯಲ್ಲಿ ಸುಮಾರು ಎರಡು ವಾರ ನಡೆಯುವ ಈ ಶಿಬಿರದ ಪ್ರಯಾಣ, ಊಟ, ವಸತಿಗಳ ವೆಚ್ಚವನ್ನು ಸಂಸ್ಥೆಯೇ ಭರಿಸುತ್ತದೆ. ಎಂಟನೆಯ ತರಗತಿಯ ಅಂಕಗಳೊಡನೆ ವಿಜ್ಞಾನ ಮೇಳ, ಕ್ರೀಡೆ, ಸ್ಕೌಟ್ ಮೊದಲಾದವುಗಳನ್ನೂ ಆಯ್ಕೆಯಲ್ಲಿ ಗಣಿಸುವುದಲ್ಲದೆ, ಗ್ರಾಮೀಣ ಶಾಲೆಗಳ ಮಕ್ಕಳಿಗೆ ವಿಶೇಷ ಮನ್ನಣೆಯಿದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಭಾರತವು ಮೊದಲ ಬಾರಿಗೆ ೧೯೮೯ರಲ್ಲಿ ಪಾಲ್ಗೊಂಡಿತು. ಅದರ ತಂಡವನ್ನು ಆರಿಸುವ ಬೇಸಿಗೆ ಶಿಬಿರವೂ ಹಲವು ಹಂತದ ಪರೀಕ್ಷೆಗಳನ್ನು ದಾಟಿದವರಿಗೆ ಮೀಸಲು. ಇವು ಹಣ ತೆತ್ತು ಸೇರುವ ಶಿಬಿರಗಳಲ್ಲ. ನಮ್ಮ ಮಕ್ಕಳು ಇಂತಹ ಕಡೆಗೆ ಹೆಚ್ಚಾಗಿ ಹೋಗದಿರುವುದಕ್ಕೆ ಬುದ್ಧಿಯ ಕೊರತೆಯಲ್ಲ, ವಾರ್ತೆಯ ಕೊರತೆಯೇ ಬಹುಮಟ್ಟಿಗೆ ಕಾರಣ. ಅರ್ಜಿಯ ಕಾಲವನ್ನು ತಿಳಿದು ಹೇಳುವುದು ಅಧ್ಯಾಪಕರ ಹೊಣೆ.

ಮಠಗಳೂ ಸೇವಾಸಂಸ್ಥೆಗಳೂ ನಡೆಸುವ ಶಿಬಿರಗಳು ಎರಡನೆಯ ಬಗೆಯವು. ವಚನಪಠಣ, ಯೋಗ, ಕರಕುಶಲ ಕಲೆ, ಸಾಮೂಹಿಕ ಜೀವನ ಇವೇ ಇಲ್ಲಿ ಪ್ರಧಾನ. ಶುಲ್ಕ ಅಲ್ಪ, ಅನೇಕ ಕಡೆ ಇಲ್ಲವೇ ಇಲ್ಲ.

ಮುಂದಿನ ತರಗತಿಯ ಪಾಠವನ್ನು ಮೊದಲೇ ಮುಗಿಸುವುದಾಗಿಯೋ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಪ್ರವೇಶಪರೀಕ್ಷೆಗಳಿಗೆ ಅಡಿಪಾಯ ಹಾಕುವುದಾಗಿಯೋ ಹೇಳುವ ಖಾಸಗಿ ಶಿಬಿರಗಳು ಮೂರನೆಯ ಬಗೆಯವು. ಇವುಗಳಿಗೆ ಮಕ್ಕಳನ್ನು ಸೇರಿಸುವ ಮುನ್ನ, ಕೇಂದ್ರ ಶಿಕ್ಷಣ ಸಚಿವಾಲಯವು ೨೦೨೪ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ತಿಳಿದಿರುವುದು ಒಳಿತು. ಹದಿನಾರು ವರ್ಷ ತುಂಬದವರನ್ನು ಅಥವಾ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಮಾಡಬಾರದು, ರ‍್ಯಾಂಕಿನ ಭರವಸೆ ಕೊಡಬಾರದು ಎಂದು ಅದು ಹೇಳುತ್ತದೆ. ನಡುವೆ ಬಿಟ್ಟುಹೋದವರಿಗೆ ಉಳಿದ ಅವಧಿಯ ಶುಲ್ಕವನ್ನು, ವಸತಿಯ ಹಣವೂ ಸೇರಿದಂತೆ, ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂಬುದೂ ಅದರಲ್ಲಿದೆ. ಇದನ್ನು ಜಾರಿಗೆ ತರುವ ಭಾರ ರಾಜ್ಯಗಳದಾದರೂ, ಪ್ರಶ್ನೆ ಕೇಳಲು ಪೋಷಕರಿಗೆ ಇದೊಂದು ಆಧಾರ.

ಕಲಿಕೆಯ ಲಾಭವೆಷ್ಟು?

‘ಬೇಸಿಗೆಯಲ್ಲಿ ಓದದಿದ್ದರೆ ಮಗು ಕಲಿತದ್ದೆಲ್ಲವನ್ನೂ ಮರೆಯುತ್ತದೆ’ ಎಂಬ ಭಯವನ್ನು ಕೆಲವರು ಹುಟ್ಟಿಸುತ್ತಾರೆ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೩೯ ಅಧ್ಯಯನಗಳನ್ನು ಪರಾಮರ್ಶಿಸಿ ೧೯೯೬ರಲ್ಲಿ ಪ್ರಕಟಿಸಿದ ನಿರ್ಣಯದಂತೆ, ದೀರ್ಘ ರಜೆಯಲ್ಲಿ ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿನ್ನಡೆ ಕಂಡುಬರುತ್ತದೆ. ಓದಿಗಿಂತ ಗಣಿತದಲ್ಲಿ ಅದು ಹೆಚ್ಚು. ಆ ಅಳತೆಯ ವಿಧಾನವನ್ನೇ ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದುದರಿಂದ ಭಯಪಟ್ಟು ಮಕ್ಕಳನ್ನು ಕಳಿಸಬೇಕಾದ ಕಾರಣವಿಲ್ಲ.

ಹಾಗಾದರೆ ಶಿಬಿರದಿಂದ ದೊರೆಯುವುದೇನು? ಗಂಟೆ ಬಾರಿಸಿದೊಡನೆ ತುಂಡಾಗದ ಅಖಂಡ ಕಾಲ, ಸಮಾನಾಸಕ್ತಿಯ ಗೆಳೆಯರು, ಹಗಲಿರುಳೂ ಬಳಿಯಲ್ಲಿರುವ ಗುರು. ಕನ್ನಡದಿಂದಲೇ ಒಂದು ಉದಾಹರಣೆ ಕೊಡಬಹುದು. ಭಾಮಿನೀ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುತ್ತವೆ. ೧, ೨, ೪, ೫ನೆಯ ಪಾದಗಳಲ್ಲಿ ೧೪ ಮಾತ್ರೆ, ೩ ಮತ್ತು ೬ನೆಯ ಪಾದಗಳಲ್ಲಿ ೨೩ ಮಾತ್ರೆ, ಒಟ್ಟು ೧೦೨. ಶಾಲೆಯ ನಲವತ್ತು ನಿಮಿಷದ ಅವಧಿಯಲ್ಲಿ ಇದು ಬರಿಯ ಲೆಕ್ಕವಾಗಿ ಮಕ್ಕಳಿಗೆ ಬೇಸರ ತರುತ್ತದೆ. ಕೈತಟ್ಟಿ ಮಾತ್ರೆ ಎಣಿಸುತ್ತ, ಬೆಳಗ್ಗೆ ಸಂಜೆ ಗುಂಪಿನಲ್ಲಿ ಹಾಡಿಸಿದರೆ ಅದೇ ಲಯವು ಕೆಲವೇ ದಿನಗಳಲ್ಲಿ ಕಿವಿಗೆ ನಿಲ್ಲುತ್ತದೆ. ಅಕಾರ ಹಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲವೂ ನಿತ್ಯ ಗಟ್ಟಿಯಾಗಿ ಓದಿಸುವುದರಿಂದ ತಿದ್ದಿಹೋಗುತ್ತದೆ. ಹೀಗೆ ಒಂದೆರಡು ವಿಷಯಗಳನ್ನು ಆಳವಾಗಿ ಕಲಿಸುವ ಶಿಬಿರ ಸಾರ್ಥಕ. ಇಡೀ ವರ್ಷದ ಪಾಠವನ್ನು ಇಪ್ಪತ್ತು ದಿನಗಳಲ್ಲಿ ಮುಗಿಸುತ್ತೇವೆಂಬ ಶಿಬಿರದಲ್ಲಿ ಪುಟಗಳು ಮುಗಿಯುತ್ತವೆಯೇ ಹೊರತು ಪಾಠ ಮುಗಿಯುವುದಿಲ್ಲ.

ವಿಶ್ರಾಂತಿ ಮತ್ತು ಆರೋಗ್ಯ

ನಮ್ಮ ಪ್ರಾಚೀನ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ ಮೊದಲಾದ ತಿಥಿಗಳು ಅನಧ್ಯಯನದ ದಿನಗಳಾಗಿದ್ದವು. ಬಿಡುವೂ ವಿದ್ಯೆಯ ಅಂಗವೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಶಿಬಿರದ ದಿನಚರಿಯನ್ನು ಕೈಗೆ ತೆಗೆದುಕೊಂಡಾಗ ಪೋಷಕರು ಮೊದಲು ಎಣಿಸಬೇಕಾದುದು ನಿದ್ರೆಯ ಗಂಟೆಗಳನ್ನು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ೯ರಿಂದ ೧೨ ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ ೮ರಿಂದ ೧೦ ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಮತ. ಮುಂಜಾನೆ ನಾಲ್ಕೂವರೆಗೆ ಎಬ್ಬಿಸಿ ರಾತ್ರಿ ಹತ್ತೂವರೆಗೆ ಮಲಗಿಸುವ ಶಿಬಿರದಲ್ಲಿ ಉಳಿಯುವುದು ಆರೇ ಗಂಟೆ. ಇದನ್ನು ಶಿಸ್ತೆಂದು ಹೊಗಳಲಾಗದು.

ಕಲಬುರಗಿ, ರಾಯಚೂರು ಮೊದಲಾದ ಕಡೆಗಳಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಮಧ್ಯಾಹ್ನದ ವೇಳೆ ಬಯಲಿನಲ್ಲಿ ಚಟುವಟಿಕೆಗಳಿವೆಯೇ, ಕುಡಿಯುವ ನೀರು ಶುದ್ಧವೇ, ಶೌಚಾಲಯಗಳು ಸಾಕಷ್ಟಿವೆಯೇ, ಸಮೀಪದ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಸಾಧ್ಯವಾದರೆ ಖುದ್ದಾಗಿ ಹೋಗಿ ನೋಡಬೇಕು. ಮಗುವಿಗೆ ಉಬ್ಬಸ, ಮೂರ್ಛೆ, ಯಾವುದಾದರೂ ಆಹಾರ ಒಗ್ಗದಿರುವಿಕೆ ಇದ್ದಲ್ಲಿ ಮರೆಮಾಚದೆ ಬರೆದುಕೊಡಬೇಕು. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವ ಮಗುವಿದ್ದರೆ ಅದನ್ನೂ ಪಾಲಕರಿಗೆ ಗುಟ್ಟಾಗಿ ತಿಳಿಸುವುದರಿಂದ ಆ ಮಗು ಇತರರ ಮುಂದೆ ಅವಮಾನಪಡುವುದು ತಪ್ಪುತ್ತದೆ.

ರಕ್ಷಣೆಯ ಪ್ರಶ್ನೆ

ಇದು ಎಲ್ಲಕ್ಕಿಂತ ಮುಖ್ಯವಾದುದು. ರಾತ್ರಿ ಮಕ್ಕಳ ಕೊಠಡಿಯ ಹೊಣೆ ಯಾರದು? ಹೆಣ್ಣುಮಕ್ಕಳಿಗೆ ಮಹಿಳಾ ಪಾಲಕಿಯರಿದ್ದಾರೆಯೇ? ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಲಾಗಿದೆಯೇ? ಕೆರೆ ಹೊಳೆಗಳಿಗೆ ಕರೆದೊಯ್ಯುವ ಕಾರ್ಯಕ್ರಮವಿದೆಯೇ? ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳತಕ್ಕದ್ದು. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಅಪರಾಧ. ೧೦೯೮ ಎಂಬ ಮಕ್ಕಳ ಸಹಾಯವಾಣಿಯನ್ನೂ, ತಂದೆತಾಯಿಗಳ ದೂರವಾಣಿ ಸಂಖ್ಯೆಯನ್ನೂ ಮಗುವಿಗೆ ಬಾಯಿಪಾಠ ಮಾಡಿಸಬೇಕು.

ಇಲ್ಲಿ ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳಬೇಕಾಗಿದೆ. ಮಠದ ಶಿಬಿರ, ಸ್ವಾಮಿಗಳ ಸನ್ನಿಧಿ ಎಂಬ ಕಾರಣದಿಂದ ಪ್ರಶ್ನಿಸದೆ ಮಗುವನ್ನು ಬಿಟ್ಟುಬರುವುದು ಭಕ್ತಿಯ ಲಕ್ಷಣವಲ್ಲ. ಖಾಸಗಿ ಶಿಬಿರವನ್ನು ಎಷ್ಟು ಪರೀಕ್ಷಿಸುತ್ತೇವೆಯೋ ಮಠದ ಶಿಬಿರವನ್ನೂ ಅಷ್ಟೇ ಪರೀಕ್ಷಿಸಬೇಕು. ಶರಣರ ಪರಂಪರೆಯು ಪ್ರಶ್ನೆಗೆ ಹೆದರಿದ ಪರಂಪರೆಯಲ್ಲ. ಅನುಭವಮಂಟಪ ಬೆಳೆದುದೇ ಪ್ರಶ್ನೋತ್ತರಗಳಿಂದ. ಪೋಷಕರ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುವ ಸಂಸ್ಥೆಯ ಕೀರ್ತಿ ಬೆಳೆಯುತ್ತದೆ. ಕೇಳಿದವರ ಮೇಲೆ ಮುನಿಯುವ ಸಂಸ್ಥೆ ಯಾವುದೇ ಇರಲಿ, ಅಲ್ಲಿಗೆ ಮಗುವನ್ನು ಕಳಿಸದಿರುವುದೇ ಕ್ಷೇಮ.

ಮನೆಯ ಹಂಬಲ

ಮೊದಲ ಸಲ ಮನೆ ಬಿಟ್ಟ ಮಗು ಮೂರು ನಾಲ್ಕು ದಿನ ಮನೆಯನ್ನು ನೆನೆದು ಅಳುವುದು ಸಹಜ. ಮುಂಚಿತವಾಗಿ ಬಂಧುಗಳ ಮನೆಯಲ್ಲಿ ಒಂದೆರಡು ರಾತ್ರಿ ಇರಿಸಿ ಅಭ್ಯಾಸ ಮಾಡಿಸಬಹುದು. ‘ಅತ್ತರೆ ಬಂದು ಕರೆದುಕೊಂಡು ಹೋಗುತ್ತೇವೆ’ ಎಂದು ಮಾತು ಕೊಟ್ಟರೆ ಮಗುವಿನ ಮನಸ್ಸು ಅಲ್ಲಿ ನೆಲೆಗೊಳ್ಳುವುದಿಲ್ಲ. ‘ನೀನು ಇರಬಲ್ಲೆ, ತೊಂದರೆಯಾದರೆ ನಮಗೆ ಹೇಳು’ ಎಂಬ ಮಾತೇ ಲೇಸು. ಹಂಬಲಕ್ಕೂ ಭಯಕ್ಕೂ ಇರುವ ಭೇದವನ್ನು ಪೋಷಕರು ಗುರುತಿಸಬೇಕು. ರಾತ್ರಿ ಅತ್ತರೂ ಹಗಲು ಆಡಿ ಉಂಡು ಇರುವ ಮಗುವಿನ ವಿಷಯದಲ್ಲಿ ತಾಳ್ಮೆ ಸಾಕು. ಊಟ ಬಿಟ್ಟು ಮೌನವಾದ, ಯಾರೋ ಒಬ್ಬರ ಹೆಸರು ಹೇಳಿದರೆ ಬೆದರುವ ಮಗುವಿನ ಬಳಿಗೆ ಅಂದೇ ಹೊರಡಬೇಕು. ಮನೆಯವರೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶ ಕೊಡದ ಶಿಬಿರವು ಅಂಗೀಕಾರಯೋಗ್ಯವಲ್ಲ.

ಕಳಿಸಲಾಗದವರಿಗೆ, ಮತ್ತು ದಾನಿಗಳಿಗೆ

ಸಾಲ ಮಾಡಿ, ಒಡವೆ ಒತ್ತೆಯಿಟ್ಟು ಕಳಿಸಬೇಕಾದ ಶಿಬಿರ ಯಾವುದೂ ಇಲ್ಲ. ಮನೆಯಲ್ಲಿ ಉಳಿದ ಮಗು ಹಿಂದೆ ಬೀಳುವುದೆಂದು ಕೊರಗಬೇಕಾಗಿಲ್ಲ. ದಿನವೂ ಅಜ್ಜನಿಗೆ ಪತ್ರಿಕೆ ಓದಿ ಹೇಳುವುದು, ಸಂತೆಯ ಲೆಕ್ಕ ಬರೆಯುವುದು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದ ವಾರಕ್ಕೊಂದು ಪುಸ್ತಕ ತರುವುದು ಇವೂ ವಿದ್ಯಾಭ್ಯಾಸವೇ. ದಾಸೋಹವನ್ನು ಬಲ್ಲ ದಾನಿಗಳು ಒಂದು ಬಡ ಮಗುವಿನ ಶಿಬಿರದ ವೆಚ್ಚವನ್ನು ವಹಿಸಬಹುದು. ಶಾಲೆಯ ಗ್ರಂಥಾಲಯ ಬೇಸಿಗೆಯಲ್ಲಿಯೂ ತೆರೆದಿರುವಂತೆ ಒಬ್ಬರ ವೇತನಕ್ಕೆ ನೆರವಾಗಬಹುದು. ಎರಡನೆಯದರಿಂದ ಇಡೀ ಊರಿನ ಮಕ್ಕಳಿಗೆ ಪ್ರಯೋಜನ.

ಶಿಬಿರದಿಂದ ಮರಳಿದ ಮಗುವನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವುದಕ್ಕಿಂತ, ಅದು ತಾನಾಗಿ ಹೇಳುವುದನ್ನು ನಾಲ್ಕು ದಿನ ಕಿವಿಗೊಟ್ಟು ಕೇಳುವುದು ಹೆಚ್ಚು ಪ್ರಯೋಜನಕರ. ಶಿಬಿರದ ಗುಣದೋಷಗಳು ಆ ಮಾತುಗಳಲ್ಲಿಯೇ ಗೋಚರಿಸುತ್ತವೆ. ವಿಚಾರಿಸಿ ಕಳಿಸುವ ಪೋಷಕರೂ, ವಾತ್ಸಲ್ಯದಿಂದ ಕಲಿಸುವ ಗುರುಗಳೂ, ಹೆಸರಿನ ಆಸೆಯಿಲ್ಲದೆ ಕೊಡುವ ದಾನಿಗಳೂ ಕೂಡಿದಲ್ಲಿ ಬೇಸಿಗೆಯ ಈ ದಿನಗಳು ಮಕ್ಕಳ ಬಾಳಿಗೆ ತಂಪಾಗಲೆಂದು ಹಾರೈಸುತ್ತೇನೆ.