ಸಾಲಿ ಸಭೆಗೆ ತಾಯಂದಿರೂ ಹೋಗಬೇಕು

"ಸಾಲಿ ಮೀಟಿಂಗ್ ಗಂಡಸರದ್ದು, ನಾವ್ಯಾಕ ಹೋಗೂಣು?" ನಮ್ಮ ಮನಗೂಳಿಯ ಓಣಿಗಳಲ್ಲಿ ಈ ಮಾತು ಇನ್ನೂ ಕೇಳುತ್ತದೆ. ಸೋದರಿಯರೇ, ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಾವು ಎಸ್.ಡಿ.ಎಂ.ಸಿ. ಎನ್ನುವುದು ಇದಕ್ಕೇ.

ಹೆಸರು ಬರೆಸಿ, ಸಹಿ ಹಾಕಿ ಬಂದರೆ ಸಾಲದು. ಬಿಸಿಯೂಟವನ್ನೇ ನೋಡಿ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 2013ರಲ್ಲಿ ಹಾಲು ಬಂತು, 2021ರ ಕೊನೆಗೆ ಮೊಟ್ಟೆ, ಬಾಳೆಹಣ್ಣು. ಬೇಳೆ ಬೆಂದಿದೆಯೇ, ಅಕ್ಕಿ ಹಸನಾಗಿದೆಯೇ ಎಂಬುದು ನಮಗಿಂತ ಹೆಚ್ಚು ಯಾರಿಗೆ ತಿಳಿದೀತು?

ಇನ್ನೊಂದು ಮಾತು. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ದೊಡ್ಡವಳಾದ ಹುಡುಗಿ ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ. ಪಾಠ ತಪ್ಪುತ್ತದೆ, ಕಡೆಗೆ ಸಾಲಿಯೇ ತಪ್ಪುತ್ತದೆ. ಆ ಹುಡುಗಿ ಇದನ್ನು ಅಪ್ಪನ ಮುಂದೆ ಹೇಳಲಾರಳು. ಅಪ್ಪ ಸಭೆಯಲ್ಲಿ ಕೇಳಲಾರ. ಕೇಳಬೇಕಾದವರು ನಾವೇ.

ಮುಂದಿನ ಸಭೆ ಎಂದು ಎಂಬುದನ್ನು ಮಾಸ್ತರರನ್ನೋ ಅಕ್ಕೋರನ್ನೋ ಕೇಳಿಟ್ಟುಕೊಳ್ಳಿ. ಓಣಿಯ ಇಬ್ಬರನ್ನು ಜೊತೆಗೆ ಕರಕೊಂಡು ಹೋಗಿ. ಒಬ್ಬರಿಗೆ ಅಂಜಿಕೆ, ಮೂವರಿದ್ದರೆ ಬಾಯಿ ಬರುತ್ತದೆ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಬನ್ನಿ. ಆವತ್ತು ರೊಟ್ಟಿ ಒಂದು ತಾಸು ತಡವಾದರೂ ನಡೆದೀತು.